ಕಂತಿನ ಮೇಲೆ ಕೊಂಡ ಅಂತಸ್ತು

ಕಳೆದ ತಿಂಗಳು ಒಂದು ಶನಿವಾರ ಬಟವಾಡೆಯ ಹೊತ್ತಿಗೆ ನಾವು ದಾವಣಗೆರೆಯ ಅಕ್ಕಿ ಗಿರಣಿಯೊಂದರ ಬಾಗಿಲಲ್ಲಿ ಸಂಘದ ಚಂದಾ ಪುಸ್ತಕ ಹಿಡಿದು ನಿಂತಿದ್ದೆವು. ಹಮಾಲಿ ಮಾಡುತ್ತಲೇ ತಲೆ ನರೆಸಿಕೊಂಡ ಹಿರಿಯರೊಬ್ಬರು ನಮ್ಮನ್ನು ಕಂಡೂ ಕಾಣದವರ ಹಾಗೆ ಸೈಕಲ್ಲು ತಳ್ಳಿಕೊಂಡು ಹೊರಟುಬಿಟ್ಟರು. ಚಂದಾ ತಪ್ಪಿಸುವ ಆಸಾಮಿ ಅವರಲ್ಲ. ಮನೆಯಲ್ಲಿ ಒಲೆ ಹೊತ್ತದ ದಿನಗಳಲ್ಲಿಯೂ ಸಂಘದ ಪಾಲನ್ನು ಬೇರೆ ತೆಗೆದಿಟ್ಟವರು. ಮಂಡಕ್ಕಿ ಭಟ್ಟಿಯ ತಿರುವಿನವರೆಗೂ ಹಿಂದೆಯೇ ಹೋಗಿ, "ಯಾಕಣ್ಣಾ, ನಮ್ಮ ಮೇಲೇನಾದರೂ ಸಿಟ್ಟೋ?" ಎಂದು ಕೇಳಿದೆವು. ಅವರು ಉತ್ತರ ಕೊಡಲಿಲ್ಲ. ಅಂಗಿಯ ಜೇಬಿನಿಂದ ಮೊಬೈಲು ತೆಗೆದು ನಮ್ಮ ಕೈಗಿಟ್ಟರು. "ನನಗೆ ಓದಾಕ ಬರಲ್ಲ ಮೇಷ್ಟ್ರೇ, ನೀವೇ ಓದ್ರಿ. ಜೋರಾಗಿ ಮಾತ್ರ ಓದಬ್ಯಾಡ್ರಿ" ಎಂದರು.

ಜೋರಾಗಿ ಓದಬಹುದಾದಂಥ ಸಾಲು ಅದರಲ್ಲಿ ಒಂದೂ ಇರಲಿಲ್ಲ. ಅವರ ಮಗ ಸಾಲ ತೆಗೆದು ತಲೆ ತಪ್ಪಿಸಿಕೊಂಡಿದ್ದಾನೆಂದೂ, ಅವನೊಬ್ಬ ಕಳ್ಳನೆಂದೂ, ನಾಳೆ ಬೆಳಗಿನ ಹತ್ತು ಗಂಟೆಯೊಳಗೆ ಹಣ ಬಾರದಿದ್ದರೆ ಅವನ ಚಿತ್ರವನ್ನು ಕೆಡಿಸಿ ನೆಂಟರಿಷ್ಟರಿಗೆಲ್ಲ ಕಳಿಸುವೆವೆಂದೂ ಹರಕು ಕನ್ನಡದಲ್ಲಿ ಬರೆದಿತ್ತು. ಇದೇ ಓಲೆ ಗಿರಣಿಯ ಮೇಸ್ತ್ರಿಗೂ ಬಂದಿತ್ತು. ಹರಿಹರದ ಬೀಗರಿಗೂ, ಮೂಲೆಯ ಕಿರಾಣಿ ಅಂಗಡಿಯವರಿಗೂ ಬಂದಿತ್ತು. ಹುಡುಗ ಬಿ.ಕಾಂ. ಎರಡನೆಯ ವರ್ಷದಲ್ಲಿದ್ದಾನೆ. ಆ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ಅವನೇ ಮೊದಲಿಗ.

ಕೂಲಿ, ಬೋನಸ್ಸು, ಪಡಿತರ ಎಂದು ಬರೆಯುವ ಪತ್ರಿಕೆಯಲ್ಲಿ ಕಾಲೇಜು ಹುಡುಗರ ಷೋಕಿಯ ಮಾತೇಕೆ ಎಂದು ಕೆಲವು ಮಿತ್ರರು ಕೇಳಬಹುದು. ನಾವು ಹೇಳುವುದಿಷ್ಟು. ಈ ಷೋಕಿಯ ಲೆಕ್ಕ ಕೊನೆಗೆ ಬಂದು ಇಳಿಯುವುದು ಚೀಲ ಹೊರುವವನ ಬೆನ್ನಿನ ಮೇಲೆ ಮತ್ತು ಉದ್ರಿ ಕೊಟ್ಟ ಅಂಗಡಿಯವನ ಪುಸ್ತಕದ ಮೇಲೆ. ಆದ ಕಾರಣ ಇದು ನಮ್ಮದೇ ಮಾತು.

ಮರುದಿನ ಹುಡುಗನನ್ನು ಕಚೇರಿಗೆ ಕರೆಸಿದೆವು. ಬೆಂಚಿನ ಅಂಚಿಗೆ ಕುಳಿತು ತಲೆ ತಗ್ಗಿಸಿಕೊಂಡಿದ್ದ. ನಾವು ಪಕ್ಷದ ಕೆಲಸಕ್ಕೆ ಬರುವ ಮುಂಚೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರಷ್ಟೆ. ಹಳೆಯ ಚಾಳಿ ಎಲ್ಲಿ ಹೋಗುತ್ತದೆ? ಅರ್ಧ ಗಂಟೆ ಉಪದೇಶ ಮಾಡಿದೆವು. ಅಪ್ಪ ಚೀಲ ಹೊರುತ್ತಾನೆ, ನಿನಗೆ ಗೋವಾ ಬೇಕೇ ಎಂದೆವು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದೆವು. ಹುಡುಗ ಎಲ್ಲವನ್ನೂ ಕೇಳಿಸಿಕೊಂಡು ಕಡೆಗೆ ಒಂದೇ ಮಾತು ಆಡಿದ. "ಸಾರ್, ನಮ್ಮಪ್ಪ ರೈಸ್ ಮಿಲ್ಲಿನಲ್ಲಿ ಇದ್ದಾರೆ ಅಂತ ಮೊದಲನೇ ದಿನ ಹೇಳಿದ್ದೆ. ಅವರು ಮಿಲ್ಲು ನಮ್ಮದೇ ಅಂತ ತಿಳಕೊಂಡ್ರು. ಇಲ್ಲ ಅನ್ನೋದಕ್ಕೆ ನನಗೆ ಬಾಯಿ ಬರಲಿಲ್ಲ."

ಇದನ್ನು ಕೇಳಿದ ಮೇಲೆ ನಮ್ಮ ಉಪದೇಶ ನಮಗೇ ಹಳಸಲು ಎನಿಸಿತು.

ಆ ಒಂದು ಮೌನದ ಬೆಲೆ ಎಷ್ಟಾಯಿತೆಂಬುದನ್ನು ನೋಡಿರಿ. ಮಿಲ್ಲು ಮಾಲೀಕನ ಮಗನೆಂದ ಮೇಲೆ ಹುಟ್ಟಿದ ದಿನಕ್ಕೆ ಗೆಳೆಯರಿಗೆ ಊಟ ಹಾಕಿಸಬೇಕು. ಕಾಲೇಜಿನ ಸಾಂಪ್ರದಾಯಿಕ ಉಡುಪಿನ ದಿನಕ್ಕೆ ಹೊಸ ಜುಬ್ಬಾ, ಅದಕ್ಕೊಪ್ಪುವ ಮೆಟ್ಟು ಬೇಕು. ಮೊಬೈಲು ಒಡೆದ ಗಾಜಿನದಾಗಿರಕೂಡದು. ಗೋವಾಕ್ಕೆ ಹೊರಟ ಹನ್ನೊಂದು ಮಂದಿಯಲ್ಲಿ ಇವನೊಬ್ಬ ಹಿಂದುಳಿಯಕೂಡದು. ಈ ಪ್ರವಾಸದ ಪಾಲು 3,500 ರೂಪಾಯಿ. ಅಪ್ಪನನ್ನು ಕೇಳುವ ಹಾಗಿಲ್ಲ. ಮೊಬೈಲಿನಲ್ಲಿ ಒಂದು ಸಾಲದ ಆ್ಯಪು ಸಿಕ್ಕಿತು. ಆಧಾರ್ ಕಾರ್ಡಿನ ಚಿತ್ರ, ಮುಖದ ಚಿತ್ರ, ದೂರವಾಣಿ ಪುಸ್ತಕ ನೋಡಲು ಒಪ್ಪಿಗೆ, ಇಷ್ಟು ಕೊಟ್ಟನಂತೆ. ಚಹಾ ಕುಡಿದು ಲೋಟ ಕೆಳಗಿಡುವುದರೊಳಗೆ ಹಣ ಖಾತೆಗೆ ಬಂತು.

ಇನ್ನು ಮುಂದಿನದನ್ನು ಶಾಲೆಯ ಲೆಕ್ಕದಂತೆ ಬಿಡಿಸುತ್ತೇವೆ. ಓದುವವರು ದಯವಿಟ್ಟು ಪೆನ್ಸಿಲು ಹಿಡಿದುಕೊಳ್ಳಬೇಕು. ಬರೆದುಕೊಂಡ ಸಾಲ 5,000. ಕಾಲು ಭಾಗ ಅದೇನೋ ಶುಲ್ಕವೆಂದು ಮೊದಲೇ ಮುರಿದುಕೊಂಡು ಕೈಗೆ ಬಂದದ್ದು 3,750. ಹದಿನೈದನೆಯ ದಿನ ಕಟ್ಟಬೇಕಾದದ್ದು ಪೂರ್ತಿ 5,000. ಆ ದಿನ ಬಂತು, ಹಣವಿಲ್ಲ. ಮತ್ತೊಂದು ಆ್ಯಪಿನಲ್ಲಿ 7,000 ಬರೆಸಿದ, ಕೈಗೆ 5,250 ಬಂತು, 5,000 ಕಟ್ಟಿದ, ಉಳಿದದ್ದು 250. ಇನ್ನೊಂದು ಹದಿನೈದು ದಿನಕ್ಕೆ ಮೂರನೆಯ ಆ್ಯಪಿನಲ್ಲಿ 10,000 ಬರೆಸಿದ, ಕೈಗೆ 7,500, ಕಟ್ಟಿದ್ದು 7,000, ಉಳಿದದ್ದು 500. ಒಟ್ಟು ಹುಡುಗನ ಬಳಕೆಗೆ ದಕ್ಕಿದ್ದು 3,750, 250, 500, ಅಂದರೆ 4,500 ರೂಪಾಯಿ. ನಲವತ್ತೈದನೆಯ ದಿನ ತಲೆಯ ಮೇಲೆ ನಿಂತ ಸಾಲ 10,000 ರೂಪಾಯಿ. 3,750ಕ್ಕೆ ಹದಿನೈದು ದಿನದ ಬಡ್ಡಿ 1,250 ಎಂದರೆ ವರ್ಷಕ್ಕೆ ನೂರಕ್ಕೆ 800ರ ಮೇಲಾಯಿತು. ನಮ್ಮ ಪೇಟೆಯಲ್ಲಿ ಮೀಟರ್ ಬಡ್ಡಿಯವರೆಂದು ಹೆಸರು ಕೆಡಿಸಿಕೊಂಡವರು ತಿಂಗಳಿಗೆ ನೂರಕ್ಕೆ ಹತ್ತು ಹಾಕಿದರೂ ವರ್ಷಕ್ಕೆ 120 ಆಗುತ್ತದೆ. ಇವರ ಎದುರಿಗೆ ಅವರು ಧರ್ಮರಾಯರು! 10,000 ರೂಪಾಯಿಗೆ ಐವತ್ತು ಕಿಲೋದ ಚೀಲ ಎಷ್ಟು ಹೊರಬೇಕೆಂಬುದನ್ನು ಹಮಾಲಿ ಬಂಧುಗಳು ತಮ್ಮ ತಮ್ಮ ಗಿರಣಿಯ ದರದಂತೆ ತಾವೇ ಲೆಕ್ಕ ಹಾಕಿಕೊಳ್ಳಲಿ.

ಸಾಲ ಎಂದೊಡನೆ ಸರ್ವಜ್ಞನ ತ್ರಿಪದಿಯೊಂದನ್ನು ಒಪ್ಪಿಸಿ ವೇದಿಕೆ ಇಳಿಯುವ ಭಾಷಣಕಾರರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಹುಡುಗರು ಕೆಟ್ಟುಹೋದರು, ಸಿನಿಮಾ ಕೆಡಿಸಿತು, ಮೊಬೈಲು ಕೆಡಿಸಿತು ಎನ್ನುವುದು ಬಹಳ ಸುಲಭ. ಆದರೆ ಅದರಿಂದ ಒಂದು ಪೈಸೆಯ ಸಾಲವೂ ತೀರುವುದಿಲ್ಲ.

ನಮ್ಮ ಊರಿನ ಚರಿತ್ರೆಯನ್ನೇ ತೆಗೆದುಕೊಳ್ಳಿರಿ. ಹತ್ತಿ ಗಿರಣಿಗಳ ಕಾಲದಲ್ಲಿ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದರು. ಆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಕಾಲೇಜುಗಳು ಒಂದೊಂದಾಗಿ ಬಾಗಿಲು ತೆರೆದವು. 1951ರಲ್ಲಿ ಎಂಜಿನಿಯರಿಂಗ್ ಕಾಲೇಜು, 1965ರಲ್ಲಿ ವೈದ್ಯಕೀಯ ಕಾಲೇಜು, 1979ರಲ್ಲಿ ಮತ್ತೊಂದು ಎಂಜಿನಿಯರಿಂಗ್ ಕಾಲೇಜು, 2009ರಲ್ಲಿ ವಿಶ್ವವಿದ್ಯಾನಿಲಯ. ಗಿರಣಿಯ ಶಿಳ್ಳೆಗೆ ಏಳುತ್ತಿದ್ದ ಊರು ಈಗ ಕಾಲೇಜು ಬಸ್ಸಿನ ಹಾರನ್ನಿಗೆ ಏಳುತ್ತದೆ. ಗಿರಣಿಯ ಕಾಲದಲ್ಲಿ ಕೆಲಸಗಾರನ ಮಗ ಮತ್ತು ಮಾಲೀಕನ ಮಗ ಒಂದೇ ಬೆಂಚಿನ ಮೇಲೆ ಕೂರುವ ಪ್ರಸಂಗ ಅಪರೂಪವಾಗಿತ್ತು. ಕೆಲಸಗಾರನ ಮಗ ಹದಿನೆಂಟಕ್ಕೆಲ್ಲ ಪಾಳಿಗೆ ಹೋಗುತ್ತಿದ್ದ. ಅವನ ಸುತ್ತಲಿನವರೆಲ್ಲರೂ ಅವನಂಥವರೇ. ಇಂದು ಇಬ್ಬರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಇದು ಸಣ್ಣ ಗೆಲುವಲ್ಲ. ಮೀಸಲಾತಿ, ವಿದ್ಯಾರ್ಥಿವೇತನ, ಸರ್ಕಾರಿ ವಿದ್ಯಾರ್ಥಿನಿಲಯ ಎಂದು ಹೋರಾಡಿ ಪಡೆದದ್ದು. ಆದರೆ ಬೆಂಚು ಒಂದಾಯಿತೇ ಹೊರತು ಜೇಬು ಒಂದಾಗಲಿಲ್ಲ. ಬೆಂಚಿನ ಸಮಾನತೆ ಗಂಟೆ ಹೊಡೆಯುವವರೆಗೆ ಮಾತ್ರ. ಗಂಟೆ ಹೊಡೆದ ಮೇಲೆ ಒಬ್ಬ ಬುಲೆಟ್ ಗಾಡಿ ಹತ್ತುತ್ತಾನೆ, ಇನ್ನೊಬ್ಬ ಅದರ ಹಿಂದಿನ ಸೀಟಿಗೆ ಕಾಯುತ್ತಾನೆ.

ಹಿಂದಿನ ಕಾಲದ ಬಡ ವಿದ್ಯಾರ್ಥಿಗೆ ಅವಮಾನವೇ ಇರಲಿಲ್ಲವೆಂದು ಹೇಳುವಷ್ಟು ಮೂಢರು ನಾವಲ್ಲ. ವಾರಾನ್ನದ ಹುಡುಗ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಅಲೆದು, ಜಗಲಿಯ ಮೇಲೆ ಕಾದು ಉಣ್ಣುತ್ತಿದ್ದ. ಆ ಭಾಗ್ಯವೂ ಕೆಲವು ಜಾತಿಯವರಿಗೆ ಮಾತ್ರ ಇತ್ತು. ಮಠಗಳ ಉಚಿತ ಪ್ರಸಾದನಿಲಯಗಳೂ ಆಮೇಲೆ ಸರ್ಕಾರಿ ವಿದ್ಯಾರ್ಥಿನಿಲಯಗಳೂ ಬಂದು ಸಾಲಾಗಿ ಕುಳಿತು ಒಂದೇ ಸಾರು ಉಣ್ಣುವ ವ್ಯವಸ್ಥೆ ಆಯಿತು. ವಾರಾನ್ನದವನು ಬಡವನೆಂಬುದು ಊರಿಗೆ ತಿಳಿದಿತ್ತು. ಮುಚ್ಚಿಡುವ ಕಷ್ಟ ಅವನಿಗಿರಲಿಲ್ಲ. ಇಂದಿನವನಿಗೆ ಹೆಚ್ಚಿಗೆ ಬಂದಿರತಕ್ಕದ್ದು ಮುಚ್ಚಿಡುವ ಕಷ್ಟ. ಬಡತನವನ್ನು ಮುಚ್ಚಿಡುವ ಸರಕನ್ನು ಈಗ ಕಂತಿನ ಮೇಲೆ ಮಾರುತ್ತಾರೆ.

ಅಗತ್ಯ ಯಾವುದು, ಆಡಂಬರ ಯಾವುದು ಎಂದು ಗೆರೆ ಎಳೆಯುವುದೂ ನಾವು ತಿಳಿದಷ್ಟು ಸರಳವಲ್ಲ. 2020ರಲ್ಲಿ ಕೊರೋನಾ ಬಂದು ಕಾಲೇಜು ಮುಚ್ಚಿದಾಗ ಪಾಠವೆಲ್ಲ ಮೊಬೈಲಿಗೆ ಬಂತು. ಕಾಲೇಜು ತೆರೆದ ಮೇಲೂ ಅದು ಪೂರ್ತಿ ಹಿಂದಕ್ಕೆ ಹೋಗಲಿಲ್ಲ. ಟಿಪ್ಪಣಿ ವಾಟ್ಸಾಪಿನಲ್ಲಿ, ಶುಲ್ಕ ಮೊಬೈಲಿನಲ್ಲಿ, ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಫಲಿತಾಂಶ ಎಲ್ಲವೂ ಅದರಲ್ಲೇ. ಹಾಗಾದರೆ ಮೊಬೈಲು ಷೋಕಿಯೆಂದು ಬೈಯುವುದು ಹೇಗೆ? ಹತ್ತು ಸಾವಿರದ್ದು ಸಾಕು, ಇಪ್ಪತ್ತನಾಲ್ಕು ಸಾವಿರದ್ದೇಕೆ ಎಂದು ಕೇಳಬಹುದು. ಕೇಳಿದೆವು. "ಹತ್ತು ಸಾವಿರದ್ದು ಹಿಡಿದರೆ ಮಿಲ್ಲು ನಮ್ಮದಲ್ಲ ಅಂತ ಗೊತ್ತಾಗ್ತಿತ್ತು ಸಾರ್" ಎಂದ.

ಈ ಮೊಬೈಲಿನದು ಬೇರೆಯೇ ಕಥೆ. ತಿಂಗಳಿಗೆ 2,000ದಂತೆ ಹನ್ನೆರಡು ಕಂತು, "ಬಡ್ಡಿಯೇ ಇಲ್ಲ" ಎಂಬ ಫಲಕ. ಅಂಗಡಿ ನಡೆಸುವ ಮಿತ್ರರೇ, ನಿಮ್ಮನ್ನೇ ಕೇಳುತ್ತೇವೆ: ಗುರುತು ಪರಿಚಯವಿಲ್ಲದವನಿಗೆ ಒಂದು ವರ್ಷದ ಉದ್ರಿಯನ್ನು ಬಡ್ಡಿಯಿಲ್ಲದೆ ಕೊಡುವ ಪುಣ್ಯಾತ್ಮ ವ್ಯಾಪಾರದಲ್ಲಿ ಯಾರಿದ್ದಾರೆ? ನೀವೇನೋ ಓಣಿಯವರಿಗೆ ಮುಖ ನೋಡಿ ತಿಂಗಳ ಉದ್ರಿ ಬರೆಯುತ್ತೀರಿ, ಅದು ಬೇರೆ. ಬಡ್ಡಿರಹಿತ ಕಂತೆಂಬುದು ಸುಳ್ಳು ಎಂಬ ಅರ್ಥದ ಮಾತನ್ನು 2013ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕೇ ಬ್ಯಾಂಕುಗಳಿಗೆ ಬರೆದು ಎಚ್ಚರಿಸಿತ್ತು. ರೊಕ್ಕ ಕೊಟ್ಟು ಕೊಳ್ಳುವವನಿಗೆ ಸಿಗುವ ರಿಯಾಯಿತಿಯನ್ನು ಕಂತಿನವನಿಗೆ ಕೊಡುವುದಿಲ್ಲ. ಅಲ್ಲೇ ಬಡ್ಡಿ ಕುಳಿತಿರುತ್ತದೆ. ಅದರ ಮೇಲೆ ಕಡತದ ಶುಲ್ಕ, ವಿಮೆ, ಜಿ.ಎಸ್.ಟಿ. ತಿಂಗಳ ಗೊತ್ತಾದ ದಿನ ಕಂತು ಖಾತೆಯಿಂದ ತಾನಾಗಿಯೇ ಕಳಚಿಹೋಗುತ್ತದೆ. ಖಾತೆಯಲ್ಲಿ ಹಣವಿಲ್ಲದಿದ್ದರೆ ಬ್ಯಾಂಕಿನದೊಂದು ದಂಡ, ಸಾಲ ಕೊಟ್ಟ ಕಂಪನಿಯದೊಂದು ದಂಡ.

ಇಲ್ಲಿ ಸಣ್ಣ ವ್ಯಾಪಾರಿಗಳು ಒಂದು ವಿಷಯವನ್ನು ಗಮನಿಸಬೇಕು. ತಾನಾಗಿ ಕಳಚುವ ಕಂತು ಮೊದಲು ಹೋಗುತ್ತದೆ. ಬಾಯಿಬಿಟ್ಟು ಕೇಳಬೇಕಾದ ಉದ್ರಿ ಕೊನೆಗೆ ಉಳಿಯುತ್ತದೆ. ದೂರದ ಊರಿನ ಕಂಪನಿ ಮೊದಲ ಪಂಕ್ತಿಯಲ್ಲಿ ಉಂಡೆದ್ದ ಮೇಲೆ ಓಣಿಯ ಕಿರಾಣಿಯವನು ಎಲೆ ಹಾಕಿಕೊಂಡು ಕಾಯಬೇಕು. "ಎರಡು ವರ್ಷದಿಂದ ಉದ್ರಿ ಪುಸ್ತಕ ದಪ್ಪಗಾಗುತ್ತಿದೆ, ಜನ ಕೆಟ್ಟವರಾಗುತ್ತಿದ್ದಾರೆ" ಎಂದು ಅಂಗಡಿಯವರೊಬ್ಬರು ನಮ್ಮೆದುರು ಹೇಳಿಕೊಂಡರು. ಜನ ಕೆಟ್ಟವರಾಗಲಿಲ್ಲ ಸ್ವಾಮಿ, ಅವರ ಪಗಾರದ ಮೇಲೆ ನಿಮಗಿಂತ ಮುಂಚೆ ಇನ್ನೊಬ್ಬ ಕೈ ಇಟ್ಟಿದ್ದಾನೆ.

ಕಾನೂನು ಏನು ಮಾಡುತ್ತಿದೆ ಎಂಬ ಪ್ರಶ್ನೆ ಏಳುತ್ತದೆ. ಏನೂ ಮಾಡಿಲ್ಲವೆಂದರೆ ಸುಳ್ಳಾದೀತು. 2020ರ ಡಿಸೆಂಬರಿನಲ್ಲಿ ತೆಲಂಗಾಣದ ಪೊಲೀಸರು ಇಂಥ ಆ್ಯಪುಗಳ ಜಾಲವನ್ನು ಹಿಡಿದರು. ಅವಮಾನ ತಾಳಲಾರದೆ ಪ್ರಾಣ ಕಳೆದುಕೊಂಡವರ ಸುದ್ದಿ ಬಂದ ಮೇಲೆ ಹಿಡಿದರು ಎಂಬುದನ್ನೂ ಹೇಳಬೇಕು. 2021ರಲ್ಲಿ ರಿಸರ್ವ್ ಬ್ಯಾಂಕಿನ ಕಾರ್ಯತಂಡವೊಂದು ಆ ವರ್ಷದ ಮೊದಲ ಎರಡು ತಿಂಗಳಲ್ಲಿ ಎಣಿಸಿದಾಗ ಸಿಕ್ಕ ಸಾಲದ ಆ್ಯಪುಗಳು ಸುಮಾರು 1,100. ಅವುಗಳಲ್ಲಿ ಸುಮಾರು 600 ಕಾನೂನುಬಾಹಿರ. 2022ರ ಸೆಪ್ಟೆಂಬರಿನಲ್ಲಿ ನಿಯಮ ಬಂತು. 2025ರ ಮೇ ತಿಂಗಳಲ್ಲಿ ಅದನ್ನು ಇನ್ನಷ್ಟು ಬಿಗಿಮಾಡಿದರು. ಸಾಲದ ಆ್ಯಪು ನಿಮ್ಮ ದೂರವಾಣಿ ಪುಸ್ತಕಕ್ಕೆ, ಚಿತ್ರಗಳಿಗೆ ಕೈಹಾಕಕೂಡದು. ಶುಲ್ಕ ಬಡ್ಡಿ ಎಲ್ಲ ಸೇರಿ ವರ್ಷಕ್ಕೆ ನೂರಕ್ಕೆ ಎಷ್ಟಾಗುತ್ತದೆಂದು ಮೊದಲೇ ಹಾಳೆಯಲ್ಲಿ ತೋರಿಸಬೇಕು. ಆ ಹಾಳೆಯಲ್ಲಿಲ್ಲದ ಶುಲ್ಕ ಕೇಳಕೂಡದು. ಮನಸ್ಸು ಬದಲಾದರೆ ಕನಿಷ್ಠ ಒಂದು ದಿನದೊಳಗೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕೊಟ್ಟು ದಂಡವಿಲ್ಲದೆ ಹೊರಬರಲು ಅವಕಾಶವಿರಬೇಕು. ವಸೂಲಿಯವರು ಬೆಳಗಿನ ಎಂಟಕ್ಕೆ ಮುಂಚೆ, ಸಂಜೆ ಏಳರ ನಂತರ ಕರೆ ಮಾಡಕೂಡದು. 2025ರ ಜುಲೈಯಿಂದ, ನೋಂದಾಯಿತ ಸಂಸ್ಥೆಗಳ ಆ್ಯಪುಗಳ ಪಟ್ಟಿ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿದೆ. ನಮ್ಮ ರಾಜ್ಯವೂ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಕಿರುಸಾಲದ ವಸೂಲಿಗಾಗಿ ಬಲಾತ್ಕಾರ ಮಾಡುವವರಿಗೆ ಹತ್ತು ವರ್ಷಗಳವರೆಗೆ ಸೆರೆ, ಐದು ಲಕ್ಷದವರೆಗೆ ದಂಡ ಎಂದು ವಿಧಿಸಿತು.

ಹಾಳೆಯ ಮೇಲೆ ಇದೆಲ್ಲ ಚೆನ್ನಾಗಿಯೇ ಇದೆ. ಆದರೆ ಒಂದು ಮಾತನ್ನು ನಾವು ಎರಡು ಸಲ ಓದಿದೆವು. ಸಾಲ ಕೊಡುವ ಮುಂಚೆ ಕೇಳುವವನ ವಯಸ್ಸು, ಉದ್ಯೋಗ, ವರಮಾನ ತಿಳಿದುಕೊಳ್ಳಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮದಲ್ಲಿದೆ. ವಯಸ್ಸು ಇಪ್ಪತ್ತು, ಉದ್ಯೋಗ ವಿದ್ಯಾರ್ಥಿ, ವರಮಾನ ಸೊನ್ನೆ. ಇಷ್ಟು ತಿಳಿದ ಮೇಲೂ ಕೊಡುವುದಾದರೆ ಯಾವ ವರಮಾನವನ್ನು ನಂಬಿ ಕೊಡುತ್ತಾರೆ? ಮಗನ ಮಾನಕ್ಕಾಗಿ ತಂದೆ ಎಲ್ಲಿಂದಾದರೂ ತಂದು ಕಟ್ಟುತ್ತಾನೆಂಬ ನಂಬಿಕೆಯೇ ಅಡಮಾನ. ಸಹಿ ಹಾಕದ ಜಾಮೀನುದಾರ ನಮ್ಮ ಹಮಾಲಿ ಅಣ್ಣ!

ಬಂಡವಾಳದ ತವರಾದ ಅಮೆರಿಕದಲ್ಲಿ 2009ರ ಕಾನೂನು ಇಪ್ಪತ್ತೊಂದು ತುಂಬದವನಿಗೆ ಸ್ವಂತ ವರಮಾನವಾಗಲಿ ಜೊತೆಗೆ ಸಹಿ ಹಾಕುವವರಾಗಲಿ ಇಲ್ಲದೆ ಕ್ರೆಡಿಟ್ ಕಾರ್ಡು ಕೊಡಕೂಡದೆಂದಿತು; ಕಾಲೇಜಿನ ಆವರಣದಲ್ಲಿ ಉಡುಗೊರೆ ಹಂಚಿ ಹುಡುಗರನ್ನು ಸೆಳೆಯುವುದನ್ನೂ ತಡೆಯಿತು. ಚೀನಾ 2017ರಲ್ಲಿ ವಿದ್ಯಾರ್ಥಿಗಳಿಗೆ ಸಾಲ ಕೊಡುವ ಜಾಲತಾಣಗಳನ್ನು ನಿಲ್ಲಿಸಿ, 2021ರಲ್ಲಿ ಕಿರುಸಾಲದ ಕಂಪನಿಗಳು ಕಾಲೇಜು ವಿದ್ಯಾರ್ಥಿಗಳಿಗೆ ಭೋಗದ ಸಾಲ ಕೊಡುವುದನ್ನೇ ನಿಷೇಧಿಸಿತು. ಒಂದಕ್ಕೊಂದು ಮುಖ ಕೊಡದ ಆ ಎರಡು ದೇಶಗಳಿಗೂ ಹೊಳೆದ ವಿಷಯ ದೆಹಲಿಯವರಿಗೆ ಹೊಳೆಯಬಾರದೆಂದೇನೂ ಇಲ್ಲವಷ್ಟೆ.

ಇದೇ ಹುಡುಗ ಓದಿಗಾಗಿ ಸಾಲ ಕೇಳಿ ನೋಡಲಿ. ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿಯ ಅಡಮಾನ ಕೇಳಬಾರದೆಂದು ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ಬರೆದಿದೆ. ಏಳೂವರೆ ಲಕ್ಷದವರೆಗೆ ಸರ್ಕಾರದ ಖಾತರಿ ನಿಧಿಯೇ ಇದೆ. ಆದರೂ ಹಮಾಲಿಯ ಮಗನೆಂದರೆ ತಂದೆಯ ವರಮಾನದ ಪತ್ರ ತಾ, ಮನೆಯ ಕಂದಾಯದ ರಸೀದಿ ತಾ, ಮುಂದಿನ ವಾರ ಬಾ. ನಾವು ಇಂಥ ಅರ್ಜಿ ಹಿಡಿದು ಒಂದು ಬ್ಯಾಂಕಿಗೆ ಐದು ಸಲ ಹೋಗಿದ್ದೇವೆ. 2024ರ ನವೆಂಬರಿನಲ್ಲಿ ಕೇಂದ್ರ ಒಪ್ಪಿದ ವಿದ್ಯಾಲಕ್ಷ್ಮಿ ಯೋಜನೆ ಆರಿಸಿಕೊಂಡದ್ದು ದೇಶದ 860 ಉತ್ತಮ ಶ್ರೇಣಿಯ ಸಂಸ್ಥೆಗಳನ್ನು. ನಮ್ಮ ಹುಡುಗರು ಹೋಗುವ ಪ್ರಥಮ ದರ್ಜೆ ಕಾಲೇಜಿನ ಹೆಸರನ್ನು ಅದರಲ್ಲಿ ಹುಡುಕುವ ಶ್ರಮ ಬೇಡ. ಪುಸ್ತಕಕ್ಕೆ ಸಾಲ ಬೇಕಾದರೆ ಐದು ಸಲದ ಅಲೆದಾಟ. ಮೆಟ್ಟಿಗೆ ಬೇಕಾದರೆ ಐದು ನಿಮಿಷ. ಇಂಥ ಏರ್ಪಾಡನ್ನು ಇಟ್ಟುಕೊಂಡು ಹುಡುಗರಿಗೆ ವಿವೇಕವಿಲ್ಲವೆನ್ನುವುದು ಯಾವ ನ್ಯಾಯ?

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾವೇ ಹುಡುಗನಿಗೆ ಹೇಳಿದೆವೆಂದು ಮೇಲೆ ಬರೆದೆವಲ್ಲ. ಆ ಗಾದೆಯನ್ನು ಉಳ್ಳವರ ಮನೆಯ ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಅವರ ಹಾಸಿಗೆ ದೊಡ್ಡದು. 1963ರಲ್ಲಿ ಲೋಹಿಯಾ ಅವರು ಲೋಕಸಭೆಯಲ್ಲಿ ದೇಶದ ಇಪ್ಪತ್ತೇಳು ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಾರೆಂದು ಲೆಕ್ಕ ಮುಂದಿಟ್ಟಾಗ ಅದರ ಪಕ್ಕದಲ್ಲಿ ಪ್ರಧಾನಿಯ ಮೇಲೆ ಆಗುವ ದಿನದ ಖರ್ಚನ್ನೂ ಇಟ್ಟರು. ಬಡವನ ಕೊರತೆಯನ್ನು ಮಾತ್ರ ಅಳೆಯಬೇಡಿ, ಮೇಲಿನವನ ಖರ್ಚನ್ನೂ ಅಳೆಯಿರಿ ಎಂಬುದು ಅದರ ತಾತ್ಪರ್ಯ. ಕಾಲೇಜಿನಲ್ಲಿಯೂ ಅದೇ. ಗೋವಾಕ್ಕೆ ಹೋಗಬೇಕೆಂದು ಮೊದಲು ಹೇಳಿದ ಹುಡುಗ ಯಾರು? ಅವನು ಸಾಲ ಮಾಡಲಿಲ್ಲ. ಅವನು ದುಷ್ಟನೂ ಅಲ್ಲ. ತನ್ನ ಜೇಬನ್ನು ನೋಡಿ ಹೇಳಿದ. ಅಳತೆಗೋಲು ಅವನ ಕೈಯಲ್ಲಿದೆ, ಅಷ್ಟೆ. ಕಾಲೇಜುಗಳಾದರೂ ಏನು ಮಾಡುತ್ತಿವೆ? ಉಡುಪಿನ ದಿನ, ಸ್ವಾಗತದ ದಿನ, ಬೀಳ್ಕೊಡುವ ದಿನ, ಕೋಟಿನ ಬಣ್ಣ, ಪ್ರವಾಸದ ವಂತಿಗೆ ಎಂದು ತಾವೇ ಮುಂದೆ ನಿಂತು ಅಳತೆಗೋಲನ್ನು ಉದ್ದ ಮಾಡುತ್ತಿವೆ.

ಇದಕ್ಕೆ ವಿರುದ್ಧವಾದ ಒಂದು ಉದಾಹರಣೆ ನಮ್ಮ ಕಣ್ಣ ಮುಂದೆಯೇ ಇದೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ. ಹರಪನಹಳ್ಳಿ, ಜಗಳೂರು ಕಡೆಯಿಂದ ಕಾಲೇಜಿಗೆ ಬರುವ ಹುಡುಗಿಯರು ಆಧಾರ್ ತೋರಿಸಿ ಹತ್ತಿ ಬರುತ್ತಾರೆ. ಗುಂಪು ಜಾಸ್ತಿ, ನಿಂತೇ ಬರಬೇಕು, ಅದು ನಿಜ. ಆದರೆ ಬಸ್ಸಿನಲ್ಲಿ ಬರುವುದು ಕೀಳೆಂದು ಅವರಲ್ಲಿ ಯಾರೂ ಹೇಳಿದ್ದನ್ನು ನಾವು ಕೇಳಿಲ್ಲ; ಎಲ್ಲರೂ ಬರುತ್ತಾರೆ. ಬೈಕಿನ ಕಂತಿಗಾಗಿ ಮನೆಯಲ್ಲಿ ಜಗಳ ತೆಗೆಯುವವರು ಅವರ ಅಣ್ಣತಮ್ಮಂದಿರು. ಎಲ್ಲರಿಗೂ ಸಿಗುವ ವಸ್ತುವಿಗಾಗಿ ಯಾರೂ ಸಾಲ ಮಾಡುವುದಿಲ್ಲ. ಹಾಗೆಯೇ ಕಾಲೇಜಿನಲ್ಲೊಂದು ಅಗ್ಗದ ಸಾಮೂಹಿಕ ಊಟದ ಮನೆ ಇದ್ದರೆ ಹುಟ್ಟುಹಬ್ಬದ ಊಟವೂ ಅಲ್ಲೇ ಆದೀತು. ನಾವು ಆಸೆಬುರುಕರೆಂದು ನಗುವವರು ನಗಲಿ.

ಇನ್ನೊಂದು ಕಹಿ ಮಾತು ಬಾಕಿ ಇದೆ. ಅದು ನಮ್ಮವರ ಬಗ್ಗೆ. ಹುಡುಗನ ಲೆಕ್ಕ ಮುಗಿದ ಮೇಲೆ ತಂದೆ ತಾವಾಗಿಯೇ ಬಾಯಿ ಬಿಟ್ಟರು. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆ ಕಳೆದ ಸಲ ನಲವತ್ತು ಮಂದಿ ನೆಂಟರನ್ನು ಕರೆದು ಉಣ್ಣಿಸಿದರಂತೆ. ಕುರಿ, ಹೊಸ ಬಟ್ಟೆ, ಮನೆಗೆ ಸುಣ್ಣಬಣ್ಣ ಎಲ್ಲ ಕೈಸಾಲ. "ಓಣಿಯಾಗ ಎಲ್ಲಾರ ಮನಿ ಮುಂದೂ ಚಪ್ಪರ ಬಿದ್ದಿತ್ತು ಮೇಷ್ಟ್ರೇ. ನಮ್ಮ ಮನಿ ಮುಂದೊಂದು ಇರಲಿಲ್ಲ ಅಂದ್ರ ಹೆಂಗ?" ಎಂದರು. ಮಗ ಪಕ್ಕದಲ್ಲೇ ಕುಳಿತು ಕೇಳುತ್ತಿದ್ದ. ಚಪ್ಪರಕ್ಕೂ ಗೋವಾಕ್ಕೂ ಇರುವ ವ್ಯತ್ಯಾಸವನ್ನು ಅವನಿಗೆ ಹೇಗೆ ಹೇಳುವುದು? ಜಾತ್ರೆಯಲ್ಲಿ ನೆಂಟರು ಉಂಡರು, ಅವರೂ ಮುಂದೆ ನಮ್ಮನ್ನು ಕರೆದು ಉಣ್ಣಿಸುತ್ತಾರೆ ಎಂಬುದೊಂದು ಇದೆ. ಅದನ್ನು ನಾವು ತಳ್ಳಿಹಾಕುವುದಿಲ್ಲ. ಆದರೂ ಓಣಿಯ ಕಣ್ಣಿಗೆ ಹೆದರುವುದನ್ನು ಹುಡುಗ ಕಾಲೇಜಿನಲ್ಲಿ ಕಲಿಯಲಿಲ್ಲ, ಮನೆಯಲ್ಲೇ ಕಲಿತ. ಮದುವೆ, ಗೃಹಪ್ರವೇಶ, ನಾಮಕರಣಗಳ ಖರ್ಚಿನ ವಿಷಯ ಸಂಘದ ಸಭೆಯಲ್ಲಿ ಎತ್ತಿದಾಗಲೆಲ್ಲ ನಮ್ಮ ಕಾರ್ಯಕರ್ತರೇ ಮಾತು ಬದಲಿಸುತ್ತಾರೆ. ನಾವೂ ನಮ್ಮ ತಂಗಿಯ ಮದುವೆಗೆ ಮಾಡಿದ ಸಾಲವನ್ನು ನಾಲ್ಕು ವರ್ಷ ತೀರಿಸಿದವರೇ.

ಮುಂದೇನಾಯಿತೆಂದು ಓದುಗರು ಕೇಳುವುದು ಸಹಜ. ಸೋಮವಾರ ನಾವು ಮೂವರೂ ಪೊಲೀಸ್ ಠಾಣೆಗೆ ಹೋದೆವು. ಅದಕ್ಕೆ ಮುಂಚೆಯೇ ಸೈಬರ್ ಅಪರಾಧದ 1930 ಸಂಖ್ಯೆಗೆ ದೂರು ಬರೆಸಿ, ಬೆದರಿಕೆಯ ಓಲೆಗಳನ್ನೆಲ್ಲ ಅಳಿಸದೆ ತೆಗೆದಿರಿಸಿದ್ದೆವು. ಹಣ ಕೊಟ್ಟ ಮೂರು ಆ್ಯಪುಗಳಲ್ಲಿ ಒಂದೂ ರಿಸರ್ವ್ ಬ್ಯಾಂಕಿನ ಪಟ್ಟಿಯಲ್ಲಿ ಸಿಗಲಿಲ್ಲ. ನೋಂದಾಯಿತ ಸಂಸ್ಥೆಯಾಗಿದ್ದರೆ ರಿಸರ್ವ್ ಬ್ಯಾಂಕಿನ ದೂರುಗಳಿಗಾಗಿಯೇ 14448 ಸಂಖ್ಯೆ ಇದೆ. ಯಾರಿಗಾದರೂ ಬೇಕಾದೀತೆಂದು ಬರೆದಿದ್ದೇವೆ. ಮನಸ್ಸು ತೀರ ಕುಗ್ಗಿದವರ ಮಾತು ಕೇಳಲು 14416 ಇದೆ, ರಾತ್ರಿಯೂ ಎತ್ತುತ್ತಾರೆ. ಗಿರಣಿಯ ಮೇಸ್ತ್ರಿಗೂ ಬೀಗರಿಗೂ ನಾವೇ ಹೋಗಿ ಸಂಗತಿ ತಿಳಿಸಿದೆವು. ಕಿರಾಣಿ ಅಂಗಡಿಯವರು ಮಾತ್ರ ನಾವು ಬಾಯಿ ತೆರೆಯುವ ಮುಂಚೆಯೇ, "ನನ್ನ ಮಗನೂ ಇಂಥದೇ ಮಾಡಿಕೊಂಡಿದ್ದ, ಯಾರಿಗೂ ಹೇಳಿರಲಿಲ್ಲ" ಎಂದರು. ಆ ಅಂಗಡಿಯ ಜಗಲಿಯ ಮೇಲೆ ಕಳೆದ ಭಾನುವಾರ ಹನ್ನೆರಡು ಮಂದಿ ತಂದೆತಾಯಿಗಳು ಸೇರಿದ್ದರು. ನಾವು ನಿರೀಕ್ಷಿಸಿದ್ದು ನಾಲ್ವರನ್ನು.

ಕಾಲೇಜಿಗೂ ಒಂದು ಮನವಿ ಕೊಟ್ಟಿದ್ದೇವೆ. ಯಾವುದೇ ದಿನಾಚರಣೆಗೆ ಉಡುಪನ್ನಾಗಲಿ ವಂತಿಗೆಯನ್ನಾಗಲಿ ಕಡ್ಡಾಯ ಮಾಡಬಾರದು. ಸಾಲದ ಕಂಪನಿಯವರನ್ನೂ ಕಾರ್ಡಿನವರನ್ನೂ ಆವರಣದೊಳಗೆ ಮೇಜು ಹಾಕಲು ಬಿಡಬಾರದು. ಸಾಲದ ಬಡ್ಡಿಯ ಲೆಕ್ಕವನ್ನು ವಾಣಿಜ್ಯದ ತರಗತಿಯಲ್ಲಾದರೂ ಒಂದು ದಿನ ಬಿಡಿಸಿ ತೋರಿಸಬೇಕು ಎಂದು. ಬಿ.ಕಾಂ. ಓದುವ ಹುಡುಗನಿಗೆ ನೂರಕ್ಕೆ 800ರ ಬಡ್ಡಿ ಕಾಣಲಿಲ್ಲವಲ್ಲ ಎಂದು ಪ್ರಾಂಶುಪಾಲರಿಗೆ ಕೇಳಿದಾಗ ಅವರು ನಕ್ಕು, ಪಠ್ಯದಲ್ಲಿ ಇದೆ, ಪರೀಕ್ಷೆಗೂ ಬರುತ್ತದೆ ಎಂದರು. ಮನವಿಯನ್ನು ಆಡಳಿತ ಮಂಡಳಿಯ ಮುಂದಿಡುವುದಾಗಿ ಹೇಳಿದ್ದಾರೆ. ಉತ್ತರ ಬಂದ ದಿನ ಅಚ್ಚು ಹಾಕುತ್ತೇವೆ.

ಮೊಬೈಲಿನ ಏಳು ಕಂತು ಇನ್ನೂ ಉಳಿದಿವೆ. ಅದನ್ನು ತಾನೇ ತೀರಿಸುತ್ತೇನೆಂದು ಹುಡುಗ ಭಾನುವಾರಗಳಂದು ಮಂಡಕ್ಕಿ ಭಟ್ಟಿಯಲ್ಲಿ ಚೀಲ ಹೊಲಿಯಲು ಹೋಗುತ್ತಿದ್ದಾನೆ. ಮೊನ್ನೆ ಅಲ್ಲಿಗೆ ಅವನ ಸಹಪಾಠಿಯೊಬ್ಬ ಬಂದನಂತೆ; ಯಾರ ಭಟ್ಟಿ ಇದು, ನಿಮ್ಮದೇನಾ ಎಂದು ಕೇಳಿದನಂತೆ. ಅಲ್ಲ, ಕೂಲಿಗೆ ಬಂದಿದ್ದೇನೆ ಎಂದೆ ಸಾರ್, ಎಂದು ಹುಡುಗ ನಮಗೆ ಬಂದು ಹೇಳಿದ. ಹಾಗೆನ್ನುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು ಎಂದೂ ಹೇಳಿದ.